ಕೇದಾರಕ್ಕೆ ಹೊರಡುವ ಮುನ್ನ

ಕಳೆದ ತಿಂಗಳ ಒಂದು ಸೋಮವಾರ ಸಂಜೆ ಲಕ್ಕೂರಿನ ಸದ್ಭಕ್ತರೊಬ್ಬರು ತಮ್ಮ ಧರ್ಮಪತ್ನಿ ಹಾಗೂ ವೃದ್ಧ ಮಾತೆಯವರೊಡನೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ರವಾಸ ಸಂಸ್ಥೆಯೊಂದರ ಬಣ್ಣದ ಕರಪತ್ರವಿತ್ತು. ಮೊದಲ ದಿನ ಬೆಂಗಳೂರಿನಿಂದ ವಿಮಾನದಲ್ಲಿ ಡೆಹ್ರಾಡೂನ್, ಎರಡನೆಯ ದಿನ ಗುಪ್ತಕಾಶಿ, ಮೂರನೆಯ ದಿನ ಬೆಳಗ್ಗೆ ಹೆಲಿಕಾಪ್ಟರಿನಲ್ಲಿ ಕೇದಾರ, ಐದನೆಯ ದಿನ ಮನೆ. "ಶಾಸ್ತ್ರಿಗಳೇ, ಹೊರಡುವುದಕ್ಕೆ ಒಂದು ಒಳ್ಳೆಯ ದಿನ ನೋಡಿಕೊಡಬೇಕು" ಎಂದರು. ಒಳ್ಳೆಯ ದಿನವನ್ನು ಆಮೇಲೆ ನೋಡೋಣ, ಮೊದಲು ದಿನಗಳು ಎಷ್ಟೆಂದು ಎಣಿಸೋಣ ಎಂದು ನಾವು ಹೇಳಿದೆವು. ಅಂದು ಆಡಿದ ಮಾತುಗಳನ್ನೇ ಈ ಸಂಚಿಕೆಯಲ್ಲಿ ವಾಚಕ ಬಾಂಧವರ ಮುಂದೆ ಇಡುತ್ತಿದ್ದೇವೆ. ಬೇಸಿಗೆ ಬಂದೊಡನೆ ನಮ್ಮ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಕೇದಾರಕ್ಕೆ ಹೊರಡುವ ಮನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಪೂಜೆಯ ಕ್ರಮವನ್ನು ಕೇಳುವವರು ಬಹಳ. ಆ ಎತ್ತರದಲ್ಲಿ ಉಸಿರಾಡುವ ಕ್ರಮವನ್ನು ಕೇಳುವವರು ಕಡಿಮೆ.

ಕೇದಾರ ನಮ್ಮವರಿಗೆ ಪರಸ್ಥಳವಲ್ಲ. ಪಂಚಪೀಠಗಳಲ್ಲಿ ಹಿಮವತ್ಕೇದಾರವೂ ಒಂದು. ಜಗದ್ಗುರು ಏಕೋರಾಮಾರಾಧ್ಯರ ಪರಂಪರೆಯ ಪೀಠವು ಊಖೀಮಠದಲ್ಲಿದೆ. ಅಲ್ಲಿಯ ರಾವಲರು ದಕ್ಷಿಣದ ವೀರಶೈವ ಜಂಗಮರೇ. ನಿತ್ಯಪೂಜೆಯನ್ನು ಅವರು ಸ್ವತಃ ಮಾಡುವುದಿಲ್ಲ. ಅವರ ಅಪ್ಪಣೆಯಂತೆ ಸರದಿಯ ಅರ್ಚಕರು ಮಾಡುತ್ತಾರೆ. ಮಹಾಶಿವರಾತ್ರಿಯಂದು ಊಖೀಮಠದಲ್ಲಿ ಬಾಗಿಲು ತೆರೆಯುವ ದಿನವನ್ನು ಸಾರುತ್ತಾರೆ. ಅಕ್ಷಯ ತೃತೀಯೆಯ ಆಸುಪಾಸಿನಲ್ಲಿ ತೆರೆದ ಬಾಗಿಲು ದೀಪಾವಳಿ ಕಳೆದ ಯಮದ್ವಿತೀಯೆಯಂದು ಮುಚ್ಚುತ್ತದೆ. ಕೈಯಲ್ಲಿ ಇಷ್ಟಲಿಂಗವಿರುವವರಿಗೆ ದೂರದ ಸ್ಥಾವರದ ಯಾತ್ರೆ ಏಕೆಂದು ಕೇಳುವವರೂ ನಮ್ಮಲ್ಲಿ ಉಂಟು. ಅವರ ಪ್ರಶ್ನೆ ಸಣ್ಣದಲ್ಲ. ಆದರೆ ಹೋಗಬೇಕೆಂದು ಮನಸ್ಸು ಮಾಡಿದವರು ಕ್ಷೇಮವಾಗಿ ಹೋಗಿ ಬರಲೆಂಬುದಷ್ಟೇ ಈ ತಿಂಗಳ ನಮ್ಮ ವಿಷಯ.

ಎತ್ತರದ ಲೆಕ್ಕವನ್ನು ಮೊದಲು ನೋಡಬೇಕು. ನಮ್ಮ ಮಾಲೂರಿನ ಬಯಲು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ನಾವು ಎತ್ತರವೆಂದು ಬಗೆಯುವ ನಂದಿಬೆಟ್ಟ 1,478 ಮೀಟರ್. ಕೇದಾರದ ದೇಗುಲ ನಿಂತಿರುವುದು 3,583 ಮೀಟರಿನಲ್ಲಿ, ಅಂದರೆ ನಂದಿಯ ಎರಡರಷ್ಟಕ್ಕೂ ಮೇಲೆ. ನಮ್ಮ ಜಿಲ್ಲೆಯ ಹಿರಿಯರು ಚಿನ್ನದ ಗಣಿಯಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದವರು. ಕೇದಾರದಲ್ಲಿ ಅದಕ್ಕಿಂತ ಹೆಚ್ಚು ಮೇಲಕ್ಕೆ ಏರಬೇಕು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟಕ್ಕೆ ಇಳಿಯುತ್ತದೆ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ದೇಹ ಈ ಕೊರತೆಗೆ ಒಗ್ಗಿಕೊಳ್ಳಬಲ್ಲದು; ಉಸಿರನ್ನು ಹೆಚ್ಚಿಸುತ್ತದೆ, ರಕ್ತವನ್ನು ಮಾರ್ಪಡಿಸುತ್ತದೆ. ಆದರೆ ಅದಕ್ಕೆ ಗಂಟೆಗಳು ಸಾಲವು, ದಿನಗಳು ಬೇಕು.

ಈ ಮಾತಿಗೆ ಯಜಮಾನರೇ ಒಂದು ಸಾಕ್ಷಿ ಕೊಟ್ಟರು. ಅವರ ತಮ್ಮನ ಮಗ ಅಮೆರಿಕೆಯಲ್ಲಿ ಉದ್ಯೋಗದಲ್ಲಿದ್ದಾನೆ. ಪೆರು ದೇಶದಲ್ಲಿ ಇಂಕಾ ಅರಸರು ಕಟ್ಟಿಸಿದ ಮಾಚು ಪಿಚುವನ್ನು ನೋಡಲು ಹೋಗಿದ್ದನಂತೆ. ವಿಮಾನ ಅವನನ್ನು ಇಂಕಾಗಳ ಹಳೆಯ ರಾಜಧಾನಿ ಕುಸ್ಕೋದಲ್ಲಿ ಇಳಿಸಿತು. ಅದು ಸುಮಾರು 3,400 ಮೀಟರ್. ಮೊದಲ ರಾತ್ರಿಯೇ ತಲೆ ಸಿಡಿದು, ಉಂಡದ್ದು ನಿಲ್ಲದೆ, ಎರಡು ದಿನ ಕೋಣೆಯಲ್ಲಿ ಮಲಗಿದನಂತೆ. ವಿಚಿತ್ರವೆಂದರೆ ಅವನು ನೋಡಹೋದ ಮಾಚು ಪಿಚು ಕುಸ್ಕೋಗಿಂತ ತಗ್ಗಿನಲ್ಲಿದೆ, 2,430 ಮೀಟರ್ ಮಾತ್ರ. ಆದುದರಿಂದ ಬಲ್ಲ ಪ್ರವಾಸಿಗಳು ಕುಸ್ಕೋದಲ್ಲಿ ಇಳಿದೊಡನೆ ಅಲ್ಲಿ ತಂಗದೆ, ಕೆಳಗಿನ ಉರುಬಂಬಾ ಕಣಿವೆಗೆ ಹೋಗಿ ಮೊದಲ ರಾತ್ರಿಗಳನ್ನು ಕಳೆದು, ಆಮೇಲೆ ಮೇಲಿನ ಊರಿಗೆ ಬರುತ್ತಾರೆ. ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆ ದೇಶದವರು ಕೋಕಾ ಎಂಬ ಎಲೆಯ ಕಷಾಯ ಕೊಡುತ್ತಾರೆ. ಅದನ್ನು ನಂಬಿ ಏರುವುದು ಜಾಣತನವಲ್ಲ, ನಮ್ಮ ದೇಶಕ್ಕೆ ಆ ಎಲೆಯನ್ನು ತರುವುದಂತೂ ಅಪರಾಧ.

ನಮ್ಮವರ ಕೋಕಾ ಎಂದರೆ ಕರ್ಪೂರ. ಕರವಸ್ತ್ರದಲ್ಲಿ ಕರ್ಪೂರದ ಬಿಲ್ಲೆ ಕಟ್ಟಿಕೊಂಡು ಮೂಸುತ್ತಾ ಹತ್ತುವವರನ್ನು ಕೇದಾರದ ಹಾದಿಯಲ್ಲಿ ನೂರಾರು ಕಾಣಬಹುದು. ಮೂಗು ತೆರೆದಂತೆ ಅನಿಸುತ್ತದೆ, ನಿಜ. ರಕ್ತದಲ್ಲಿ ಆಮ್ಲಜನಕ ಒಂದು ಎಳೆಯಷ್ಟೂ ಹೆಚ್ಚುವುದಿಲ್ಲ. ಕರ್ಪೂರ ಆರತಿಗಿರಲಿ.

ಇನ್ನು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. 2019ರ ಮೇ ತಿಂಗಳಿನಲ್ಲಿ ಲಕ್ಕೂರು ಹೋಬಳಿಯ ಹನ್ನೊಂದು ಮಂದಿ ನಮ್ಮೊಡನೆ ಕೇದಾರಕ್ಕೆ ಬಂದಿದ್ದರು. ತಂಡದಲ್ಲಿ ಅರವತ್ತೆಂಟು ವರ್ಷದ ಹಿರಿಯರೊಬ್ಬರಿದ್ದರು. ಜೀವಮಾನವೆಲ್ಲ ನೇಗಿಲು ಹಿಡಿದ ಗಟ್ಟಿ ದೇಹ. ಲಿಂಗಪೂಜೆಯಾಗದೆ ಹನಿ ನೀರನ್ನೂ ಮುಟ್ಟದ ನಿಷ್ಠೆ. ಗೌರೀಕುಂಡದಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಮೇಲೆ ಹೋಗಿ, ಮಂದಾಕಿನಿಯಲ್ಲಿ ಮಿಂದು, ಪೂಜೆ ಮುಗಿಸಿಯೇ ಪ್ರಸಾದವೆಂದು ಅವರು ಹಟ ಹಿಡಿದರು. ನಾವು ತಡೆಯಲಿಲ್ಲ, ಮೆಚ್ಚಿಕೊಂಡೆವು. ಅವರು ಸಂಜೆ ನಾಲ್ಕಕ್ಕೆ ಮೇಲೆ ತಲುಪಿದಾಗ ಹನ್ನೆರಡು ಗಂಟೆ ಕಾಲ ಬಾಯಿಗೆ ನೀರಿರಲಿಲ್ಲ. ಹಿಮ ಕರಗಿದ ನೀರಿನಲ್ಲಿ ಮಿಂದರು. ರಾತ್ರಿ ತಲೆನೋವೆಂದರು, ವಾಂತಿಯಾಯಿತು. ಬೆಳಗಿನ ಜಾವದ ದರ್ಶನಕ್ಕೆ ಇನ್ನು ಕೆಲವೇ ಗಂಟೆ, ಮಲಗಿರಿ, ಸ್ವಾಮಿಯನ್ನು ಕಂಡೊಡನೆ ಎಲ್ಲ ಸರಿಹೋಗುತ್ತದೆ ಎಂದು ನಾವೇ ಹೇಳಿದೆವು.

ಅವರ ಮೊಮ್ಮಗ, ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ, ನಮ್ಮ ಮಾತನ್ನು ಒಪ್ಪಲಿಲ್ಲ. ರಾತ್ರಿ ಒಂದರ ಹೊತ್ತಿಗೆ ನಮ್ಮನ್ನು ಎಬ್ಬಿಸಿದ. "ಶಾಸ್ತ್ರಿಗಳೇ, ತಾತನಿಗೆ ಶಿವದಾರದ ಗಂಟು ಹಾಕಿಕೊಳ್ಳುವುದಕ್ಕೆ ಆಗುತ್ತಿಲ್ಲ. ನನ್ನನ್ನು ಅಪ್ಪನ ಹೆಸರಿನಿಂದ ಕರೆಯುತ್ತಿದ್ದಾರೆ" ಎಂದ. ಹೋಗಿ ನೋಡಿದೆವು. ಅರವತ್ತು ವರ್ಷ ಕಣ್ಣು ಮುಚ್ಚಿ ಕಟ್ಟಿದ ಗಂಟು ಅದು; ಬೆರಳುಗಳು ದಾರವನ್ನೇ ಹುಡುಕುತ್ತಿದ್ದವು. ಎದ್ದು ನಿಂತರೆ ಕುಡಿದವರಂತೆ ತೂಗಾಟ. ನಾಲ್ಕು ಜನ ಹೊತ್ತು ಅಲ್ಲಿಯ ಚಿಕಿತ್ಸಾ ಕೇಂದ್ರಕ್ಕೆ ಒಯ್ದೆವು. ವೈದ್ಯರು ಆಮ್ಲಜನಕ ಕೊಟ್ಟು, ಸೂಜಿಮದ್ದು ಹಾಕಿ, ಇದು ಎತ್ತರದಿಂದ ಮೆದುಳಿಗೆ ಬಾವು ಬರುವ ಲಕ್ಷಣ, ಬೆಳಕು ಹರಿದೊಡನೆ ಕೆಳಗೆ ಇಳಿಸಲೇಬೇಕು, ತಡಮಾಡಿದರೆ ಜೀವ ಉಳಿಯದು ಎಂದರು. ದೇಗುಲದ ಗಂಟೆ ಬಾರಿಸುತ್ತಿರುವಾಗಲೇ ಅವರನ್ನು ಡೋಲಿಯಲ್ಲಿ ಕೂರಿಸಿ ಇಳಿಸಿದರು. ಗೌರೀಕುಂಡ ತಲುಪುವಷ್ಟರಲ್ಲಿ ಮಾತು ನೆಟ್ಟಗಾಗಿತ್ತು. ಗುಪ್ತಕಾಶಿಯಲ್ಲಿ ಅವರು ಮೊದಲು ಕೇಳಿದ್ದು, "ದರ್ಶನವಾಯಿತೇ?" ಎಂದು. ಆಗಿಲ್ಲವೆಂದು ಹೇಳುವ ಧೈರ್ಯ ನಮಗೆ ಬರಲಿಲ್ಲ, ಹುಡುಗನೇ ಹೇಳಿದ. ಹಿರಿಯರು ಇಂದಿಗೂ ಚೆನ್ನಾಗಿದ್ದಾರೆ. ಆದರೆ ಆ ರಾತ್ರಿ ನಾವು ಹೇಳಿದ "ಮಲಗಿರಿ" ಎಂಬ ಮಾತು ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಆದ್ದರಿಂದ ಈ ಲಕ್ಷಣಗಳನ್ನು ಮನೆಯವರೆಲ್ಲ ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. 2,500 ಮೀಟರಿನ ಮೇಲೆ ತಲೆನೋವು, ವಾಕರಿಕೆ, ತಲೆಸುತ್ತು, ನಿದ್ರೆ ಬಾರದಿರುವುದು ಕಾಣಿಸಿದರೆ ಅದು ಅಜೀರ್ಣವೂ ಅಲ್ಲ, ದೃಷ್ಟಿ ತಗುಲಿದ್ದೂ ಅಲ್ಲ. ಎತ್ತರದ ಬಾಧೆಯೆಂದೇ ತಿಳಿಯಬೇಕು. ಅಷ್ಟೇ ಆಗಿದ್ದರೆ ಇದ್ದಲ್ಲಿಯೇ ನಿಂತು ವಿಶ್ರಮಿಸಬೇಕು, ಮುಂದೆ ಏರಕೂಡದು. ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ಕೂಡಿಸಿ ನಡೆಯಲಾಗದಿದ್ದರೆ, ಮಾತು ತಪ್ಪಿದರೆ, ಸುಮ್ಮನೆ ಕುಳಿತಿದ್ದಾಗಲೂ ಏದುಸಿರು ಬಂದರೆ, ಕೆಮ್ಮಿನೊಡನೆ ನೊರೆಯೋ ಕೆಂಪು ಛಾಯೆಯ ಕಫವೋ ಬಂದರೆ, ತಕ್ಷಣ ವೈದ್ಯರ ಬಳಿಗೆ, ಅಲ್ಲಿಂದ ಕೆಳಕ್ಕೆ. ಇಳಿಯುವುದೇ ಮುಖ್ಯ ಔಷಧ, ಉಳಿದವೆಲ್ಲ ಇಳಿಯುವವರೆಗಿನ ಆಸರೆ. ಇನ್ನೊಂದು ಸಂಗತಿ ಅನೇಕರಿಗೆ ತಿಳಿಯದು: ಈ ಬಾಧೆ ಬಲವನ್ನೂ ವಯಸ್ಸನ್ನೂ ನೋಡಿ ಬರುವುದಿಲ್ಲ. ಗಟ್ಟಿಮುಟ್ಟಾದ ತರುಣರು ಬೇಗ ಬೇಗ ಹತ್ತಿ ಇದಕ್ಕೆ ಸಿಕ್ಕುವುದುಂಟು. ಅಂತರಗಂಗೆಯ ಮೆಟ್ಟಿಲುಗಳನ್ನೋ ಆವಣಿ ಬೆಟ್ಟವನ್ನೋ ಎರಡು ತಿಂಗಳು ದಿನವೂ ಹತ್ತಿ ಅಭ್ಯಾಸ ಮಾಡಿರೆಂದು ನಾವು ಎಲ್ಲರಿಗೂ ಹೇಳುತ್ತೇವೆ. ಅದರಿಂದ ಕಾಲಿಗೂ ಎದೆಗೂ ಬಲ ಬರುವುದು ನಿಜ. ಎತ್ತರಕ್ಕೆ ರಕ್ಷೆ ಸಿಗದು.

ರಕ್ಷೆ ಇರುವುದು ನಿಧಾನದಲ್ಲಿ. ರಾತ್ರಿ ಮಲಗುವ ಎತ್ತರವನ್ನು 3,000 ಮೀಟರಿನ ಮೇಲೆ ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸೂತ್ರ. ಇದನ್ನು ಕೇದಾರದ ಹಾದಿಗೆ ಹೊಂದಿಸಿ ನೋಡಿರಿ. ಹೃಷೀಕೇಶ ನಮ್ಮ ಊರಿಗಿಂತಲೂ ತಗ್ಗು, 400 ಮೀಟರಿಗೂ ಕಡಿಮೆ. ಅಲ್ಲಿಂದ ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗದ ಮೇಲೆ ಸೋನಪ್ರಯಾಗಕ್ಕೆ ಸುಮಾರು 210 ಕಿಲೋಮೀಟರ್. ನಡುವೆ ಗುಪ್ತಕಾಶಿ ಮತ್ತು ಊಖೀಮಠ ಎರಡೂ 1,300 ಮೀಟರಿನ ಆಸುಪಾಸು. ಸೋನಪ್ರಯಾಗದಲ್ಲಿ ಸ್ವಂತ ವಾಹನ ಬಿಟ್ಟು ಅಲ್ಲಿಯ ಜೀಪಿನಲ್ಲಿ 5 ಕಿಲೋಮೀಟರ್ ಹೋದರೆ ಗೌರೀಕುಂಡ, 1,980 ಮೀಟರ್. ಅಲ್ಲಿಂದ ಕೇದಾರಕ್ಕೆ ಒಂದೇ ಹಗಲಿನಲ್ಲಿ 1,600 ಮೀಟರ್ ಏರು! ಅಲ್ಲಿಯೇ ರಾತ್ರಿ ಮಲಗುವುದು ದೇಹಕ್ಕೆ ಹೇಳದೆ ಕೇಳದೆ ಹೊರೆ ಹೊರಿಸಿದಂತೆ. ಹಾಗಾಗಿ ಎರಡು ದಾರಿಗಳನ್ನು ನಾವು ಸೂಚಿಸುತ್ತೇವೆ. ಒಂದು, ಏರುವ ಹಾದಿಯಲ್ಲಿ ಲಿಂಚೋಲಿಯ ಬಳಿ ಡೇರೆಗಳಲ್ಲಿ ಒಂದು ರಾತ್ರಿ ತಂಗಿ ಮರುದಿನ ಮೇಲೆ ಹೋಗುವುದು. ಎರಡನೆಯದು ನಮಗೆ ಹೆಚ್ಚು ಹಿಡಿಸಿದ್ದು: ಊಖೀಮಠದಲ್ಲಿ ಒಂದು ರಾತ್ರಿಯಿದ್ದು, ಅಲ್ಲಿಂದ 30 ಕಿಲೋಮೀಟರ್ ದೂರದ ಚೋಪ್ತಾದಲ್ಲಿ ಮರುರಾತ್ರಿ ಕಳೆದು, ಪಂಚಕೇದಾರಗಳಲ್ಲಿ ಒಂದಾದ ತುಂಗನಾಥಕ್ಕೆ ನಿಧಾನವಾಗಿ ಹತ್ತಿ ಇಳಿದು ಬರುವುದು. ಚೋಪ್ತಾ ಸುಮಾರು 2,600 ಮೀಟರ್. ತುಂಗನಾಥ ಕೇದಾರಕ್ಕಿಂತ ಸ್ವಲ್ಪ ಮೇಲೆಯೇ, 3,680 ಮೀಟರ್. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿನಲ್ಲಿ ಮಲಗಿದ ದೇಹಕ್ಕೆ ಕೇದಾರ ಹೊಸದೆನಿಸದು.

ಹಿಂದಿನವರು ಯಮುನೋತ್ರಿ, ಗಂಗೋತ್ರಿ ಮುಗಿಸಿ ಆಮೇಲೆ ಕೇದಾರ, ಕೊನೆಗೆ ಬದರಿ ಎಂಬ ಕ್ರಮವನ್ನಿಟ್ಟರು. ಮೊದಲಿನವೆರಡೂ 3,000 ಮೀಟರಿನ ಮೇಲಿರುವಂಥವು. ಕಾಲ್ನಡಿಗೆಯಲ್ಲಿ ತಿಂಗಳುಗಟ್ಟಲೆ ನಡೆದ ಆ ಹಿರಿಯರು ಈ ಲೆಕ್ಕ ಹಾಕಿಯೇ ಮಾಡಿದರೆಂದು ನಾವು ಹೇಳುತ್ತಿಲ್ಲ. ಆದರೆ ಆ ಕ್ರಮದಲ್ಲಿ ಹೋದವನ ದೇಹ ಕೇದಾರದ ಹೊತ್ತಿಗೆ ಹದವಾಗಿರುತ್ತಿತ್ತೆಂಬುದು ದಿಟ.

ಹೆಲಿಕಾಪ್ಟರಿನ ವಿಷಯ ಬೇರೆ. ಫಾಟಾ, ಸೇರ್ಸಿ, ಗುಪ್ತಕಾಶಿಗಳಿಂದ ಏರಿದರೆ ಹತ್ತು ನಿಮಿಷದ ಆಸುಪಾಸಿನಲ್ಲಿ ಕೇದಾರ. ಮೊಳಕಾಲು ನೋವಿನವರಿಗೆ ಅದು ವರವೇ ಸರಿ. ಆದರೆ ಕಾಲಿಗೆ ಉಳಿದ ಶ್ರಮ ಎದೆಗೆ ಬೀಳುತ್ತದೆಂಬುದನ್ನು ಮರೆಯಬಾರದು. ಹಾಗೆ ಹೋದವರು ದರ್ಶನ ಮಾಡಿ ಅಂದೇ ಇಳಿದು ಬರುವುದು ಲೇಸು. ಟಿಕೆಟನ್ನು ಸರ್ಕಾರ ಗೊತ್ತುಪಡಿಸಿದ ಐಆರ್‌ಸಿಟಿಸಿಯ ಹೆಲಿಯಾತ್ರಾ ಜಾಲತಾಣದಲ್ಲಿ ಮಾತ್ರ ಕೊಳ್ಳಬೇಕು. ಫೋನಿನಲ್ಲಿ ಹಣ ಕೇಳುವ ಮಧ್ಯವರ್ತಿಗಳಿಂದ ಮೋಸ ಹೋದವರು ಬಹಳ. ಮೋಡ ಕವಿದರೆ ಹಾರಾಟ ನಿಲ್ಲುತ್ತದೆ, ನಿಂತರೆ ಸಿಟ್ಟಾಗಬೇಡಿರಿ. 2022ರ ಅಕ್ಟೋಬರಿನಲ್ಲಿಯೂ 2025ರ ಜೂನ್ 15ರಂದೂ ಈ ಕಣಿವೆಯಲ್ಲಿ ಹೆಲಿಕಾಪ್ಟರುಗಳು ಬಿದ್ದು ಪ್ರತಿಸಲ ಏಳೇಳು ಮಂದಿ ಲಿಂಗೈಕ್ಯರಾದುದನ್ನು ನೆನೆಯಿರಿ. ಸೋನಪ್ರಯಾಗದಿಂದ ಕೇದಾರಕ್ಕೆ ಸುಮಾರು 13 ಕಿಲೋಮೀಟರಿನ ರೋಪ್‌ವೇಗೆ 2025ರ ಮಾರ್ಚಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದಾದರೆ 36 ನಿಮಿಷದ ಪಯಣವಂತೆ. ಹಾದಿ ಕಿರಿದಾದಷ್ಟೂ ಕೆಳಗೆ ಕಳೆಯುವ ರಾತ್ರಿಗಳನ್ನು ಹೆಚ್ಚಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಕಾಲ್ನಡಿಗೆಯ ಹಾದಿ 2013ಕ್ಕೆ ಮುಂಚೆ 14 ಕಿಲೋಮೀಟರ್ ಇತ್ತು. ಆ ವರ್ಷದ ಜೂನ್ 16, 17ರಂದು ಮೇಲಿನ ಚೋರಾಬಾರಿ ಸರೋವರ ಒಡೆದು ಬಂದ ಪ್ರವಾಹದಲ್ಲಿ ಸಾವಿರಾರು ಜೀವಗಳು ಹೋದವು, ರಾಮಬಾಡಾ ಎಂಬ ತಂಗುದಾಣವೇ ಅಳಿಸಿಹೋಯಿತು. ದೇಗುಲದ ಹಿಂದೆ ಬಂದು ನಿಂತ ದೊಡ್ಡ ಬಂಡೆ ನೀರನ್ನು ಸೀಳಿ ಕಟ್ಟಡ ಉಳಿಯಿತು. ಈಗಿನ ಹಾದಿ ರಾಮಬಾಡಾದ ಬಳಿ ನದಿ ದಾಟಿ ಎದುರು ದಡದಲ್ಲಿ ಏರುತ್ತದೆ; 16 ಕಿಲೋಮೀಟರಿಗೂ ಮೇಲೆ. 2024ರ ಜುಲೈ 31ರ ರಾತ್ರಿ ಮೇಘಸ್ಫೋಟವಾಗಿ ಈ ಹಾದಿಯೂ ಕಡಿದು ಸಾವಿರಾರು ಯಾತ್ರಿಕರನ್ನು ಪಾರುಮಾಡಬೇಕಾಯಿತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಶ್ರಾವಣದ ಪುಣ್ಯಕ್ಕೆಂದು ಹೊರಡುವವರನ್ನು ನಾವು ಕೈಮುಗಿದು ತಡೆಯುತ್ತೇವೆ. ಮೇ ತಿಂಗಳಿನ ನೂಕುನುಗ್ಗಲು ಬೇಡವಾದವರಿಗೆ ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನ ನಡುವಿನವರೆಗೆ ಪ್ರಶಸ್ತ ಕಾಲ; ಆಕಾಶ ತಿಳಿಯಾಗಿರುತ್ತದೆ, ಚಳಿ ಮಾತ್ರ ಬಲ. ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿ ಕಡ್ಡಾಯ, ಅದಕ್ಕೆ ಶುಲ್ಕವಿಲ್ಲ. ಕುದುರೆ, ಡೋಲಿಗಳನ್ನು ಗೌರೀಕುಂಡದ ಸರ್ಕಾರಿ ಕೌಂಟರಿನಲ್ಲಿ ಚೀಟಿ ಪಡೆದೇ ಹಿಡಿಯಬೇಕು. ಬಾಯಿ ನೊರೆಗಟ್ಟಿದ ಪ್ರಾಣಿಯ ಮೇಲೆ ದಯವಿಟ್ಟು ಕೂರಬೇಡಿರಿ. ದಯೆಯನ್ನೇ ಧರ್ಮದ ಬೇರೆಂದು ನಂಬಿದ ಪರಂಪರೆಯವರು ನಾವು.

ಪೂಜಾನಿಷ್ಠರಿಗೆ ಕೆಲವು ಮಾತು. ಹೊರಡುವ ಮುನ್ನ ಕೋಣೆಯಲ್ಲಿಯೇ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈಯೊರಸಿಕೊಂಡು, ಸಂಕ್ಷೇಪವಾಗಿ ಲಿಂಗಪೂಜೆ ಮುಗಿಸಿ ಪ್ರಸಾದ ಸ್ವೀಕರಿಸಿಯೇ ಹೆಜ್ಜೆಯಿಡಬೇಕು. ಭಸ್ಮಸ್ನಾನಕ್ಕೆ ನಮ್ಮ ಶಾಸ್ತ್ರದಲ್ಲಿಯೇ ಸ್ಥಾನವಿದೆ; ಹಿಮದ ನೀರಿನಲ್ಲಿ ಮುಳುಗಲೇಬೇಕೆಂಬ ವಿಧಿ ಇಲ್ಲ. ಕರಡಿಗೆಯನ್ನು ಸ್ವೆಟರಿನ ಒಳಗೆ ಎದೆಗೆ ತಾಗಿದಂತಿಡಿರಿ; ಹೊರಗೆ ತೂಗಬಿಟ್ಟರೆ ನೂಕಾಟದಲ್ಲಿ ದಾರ ಕಡಿಯುತ್ತದೆ. ರಾಗಿ ಹುರಿಹಿಟ್ಟು, ಬೆಲ್ಲ, ಕಡಲೆಬೀಜ ಜೋಳಿಗೆಯಲ್ಲಿರಲಿ. ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ನೀರು.

ಔಷಧಿಯ ವಿಷಯವನ್ನು ವೈದ್ಯರೊಡನೆಯೇ ಮಾತನಾಡಬೇಕು. ಎತ್ತರದ ಬಾಧೆಯನ್ನು ತಗ್ಗಿಸಲು ಅಸೆಟಜೋಲಮೈಡ್ ಎಂಬ ಮಾತ್ರೆಯುಂಟು. ಅಂಗಡಿಯವರು ಡಯಾಮಾಕ್ಸ್ ಎನ್ನುತ್ತಾರೆ. ಏರುವ ಹಿಂದಿನ ದಿನದಿಂದ ತೆಗೆದುಕೊಳ್ಳುವಂಥದು. ಮೂತ್ರ ಹೆಚ್ಚುತ್ತದೆ, ಬೆರಳು ಜುಮ್ಮೆನ್ನುತ್ತದೆ. ಸಲ್ಫಾ ಔಷಧಿ ಒಗ್ಗದವರು ವೈದ್ಯರಿಗೆ ಮೊದಲೇ ಹೇಳಬೇಕು. ನಿದ್ರೆಯ ಮಾತ್ರೆ ಬೇಡ. ರಕ್ತದೊತ್ತಡದ ಮಾತ್ರೆಯನ್ನು ಯಾತ್ರೆಯೆಂದು ಬಿಡಬಾರದು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಹೆಪ್ಪುಗಟ್ಟದಂತೆ ಒಳ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಆಕ್ಸಿಮೀಟರ್ ಮನೆಯಲ್ಲಿದ್ದರೆ ತನ್ನಿರಿ. ಆದರೆ ಅದರ ಅಂಕಿ ಚೆನ್ನಾಗಿದೆಯೆಂದು ತಲೆನೋವನ್ನು ಕಡೆಗಣಿಸಬೇಡಿರಿ. 2022ರ ಯಾತ್ರಾಕಾಲದಲ್ಲಿ ನಾಲ್ಕು ಧಾಮಗಳಲ್ಲಿ ಸೇರಿ 200ಕ್ಕೂ ಮೇಲ್ಪಟ್ಟು ಯಾತ್ರಿಕರು ತೀರಿಕೊಂಡರು. ಬಹುಪಾಲು ಹೃದಯದ ತೊಂದರೆಯಿಂದ.

ಚಳಿಯ ಮಾತನ್ನೂ ಹಗುರವಾಗಿ ಎಣಿಸಲಾಗದು. 2024ರ ಜೂನ್ ಮೊದಲ ವಾರದಲ್ಲಿ ಅದೇ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ನಮ್ಮ ಕರ್ನಾಟಕದ ತಂಡದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ಪ್ರಾಣ ಬಿಟ್ಟರು. ಜೂನ್ ಎಂದರೆ ಬೇಸಿಗೆಯೆಂಬ ಲೆಕ್ಕ ಅಲ್ಲಿ ನಡೆಯದು. ಹತ್ತಿಬಟ್ಟೆ ನೆನೆದರೆ ಮೈಯ ಶಾಖವನ್ನೆಲ್ಲ ಹೀರುತ್ತದೆ. ಉಣ್ಣೆಯದು, ಮೇಲೊಂದು ರೇನ್‌ಕೋಟು ಬೇಕು. ತಾಯಂದಿರು ಸೀರೆಯ ಒಳಗೆ ಉಣ್ಣೆಯ ಕಾಲುಚೀಲ, ಪೈಜಾಮ ಹಾಕಿಕೊಂಡರೆ ಯಾವ ಮರ್ಯಾದೆಯೂ ಕೆಡುವುದಿಲ್ಲ. ಹೊಸ ಬೂಟನ್ನು ಒಂದು ತಿಂಗಳು ಮೊದಲೇ ಕೊಂಡು ಊರಿನಲ್ಲಿ ಹಾಕಿ ನಡೆಯಿರಿ.

ಇಷ್ಟೆಲ್ಲ ಕೇಳಿದ ಮೇಲೆ ಯಜಮಾನರು ಕರಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಆಗ ತಿಳಿದದ್ದು, ಅವರ ತಾಯಿಯವರಿಗೆ ಎಪ್ಪತ್ತೊಂದು ವರ್ಷ, ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದೆ. ಅಮ್ಮನಿಗೆ ಬೇಸರವಾಗುತ್ತದೆಂದು ಮಗ ಅದನ್ನು ಪ್ರವಾಸ ಸಂಸ್ಥೆಯವರಿಗೆ ಹೇಳಿಯೇ ಇರಲಿಲ್ಲ. ನಾವು ಊಖೀಮಠದ ವಿಷಯವನ್ನೆತ್ತಿದೆವು. ಬಾಗಿಲು ಮುಚ್ಚಿದ ದಿನ ಕೇದಾರೇಶ್ವರನ ಉತ್ಸವಮೂರ್ತಿ ಡೋಲಿಯಲ್ಲಿ ಹೊರಟು, ರಾಮಪುರ, ಗುಪ್ತಕಾಶಿಗಳಲ್ಲಿ ತಂಗಿ, ಮೂರನೆಯ ದಿನ ಊಖೀಮಠದ ಓಂಕಾರೇಶ್ವರ ದೇಗುಲಕ್ಕೆ ದಯಮಾಡಿಸುತ್ತದೆ. ಆರು ತಿಂಗಳು ಪೂಜೆ ಅಲ್ಲಿಯೇ. ದೇಗುಲದ ಬಳಿಯವರೆಗೂ ವಾಹನ ಹೋಗುತ್ತದೆ. ಎತ್ತರ ನಂದಿಬೆಟ್ಟಕ್ಕಿಂತ ಕಡಿಮೆ. ನಮ್ಮ ಪೀಠವೂ ಅಲ್ಲಿಯೇ. 2019ರಲ್ಲಿ ದರ್ಶನ ತಪ್ಪಿದ ನಮ್ಮ ಹಿರಿಯರು ಆ ವರ್ಷದ ಕಾರ್ತಿಕದಲ್ಲಿ ಮೊಮ್ಮಗನೊಡನೆ ಹೋಗಿ ಅಲ್ಲಿಯೇ ಕೇದಾರೇಶ್ವರನನ್ನು ಕಂಡು ಬಂದರು.

ತಾಯಿಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಸ್ವಾಮಿ ಇಳಿದು ಬರುವ ಹಾದಿಯಲ್ಲಿ ನಿಂತುಕೊಂಡರೆ ಕಾಣುತ್ತಾನೆಯೇ?" ಎಂದು ಕೇಳಿದರು. ಗುಪ್ತಕಾಶಿಯಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ ತಾಯಿ ಎಂದೆವು. ಹೃದಯದ ವೈದ್ಯರನ್ನು ಕಂಡು ಅವರ ಒಪ್ಪಿಗೆ ಪಡೆದು ಬರುವಂತೆ ಮಗನಿಗೆ ಹೇಳಿ, ಪಂಚಾಂಗ ತೆಗೆದು ದೀಪಾವಳಿಯ ದಿನವನ್ನು ನೋಡಿದೆವು. ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಎರಡು ರಾತ್ರಿ, ಹರಿದ್ವಾರದಲ್ಲಿ ಒಂದು, ರುದ್ರಪ್ರಯಾಗದಲ್ಲಿ ಒಂದು, ಗುಪ್ತಕಾಶಿಯಲ್ಲಿ ಎರಡು. ಸೊಸೆ ಇವನ್ನೆಲ್ಲ ಕರಪತ್ರದ ಹಿಂಬದಿಯಲ್ಲಿ ಬರೆದುಕೊಂಡರು.